ಕಾಲು ಎಲ್ವಿನ್‌ನ ಹೆಂಡತಿ

ಗಂಡ ಬದುಕಿದ್ದಾಗ ಕೈನ್ವೆನ್ ಒಂದು ಸಲವೂ ಕಾರಿನ ಅಡಿಗೆ ಹೋದವಳಲ್ಲ. ಅವಳ ಜಾಗ ಹೊರಗೆ, ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ. ಕಾರಿನ ಅಡಿಯಿಂದ ಎಲ್ವಿನ್‌ನ ಬಲಗೈ ಹೊರಗೆ ಬರುತ್ತಿತ್ತು, ಅಂಗೈ ಮೇಲಾಗಿ. ಇಂಥದ್ದು ಕೊಡು ಎಂದು ಅವನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಒಳಗಿನ ಸದ್ದು ಕೇಳಿಯೇ ಅವಳು ಬೇಕಾದ್ದನ್ನು ಆ ಅಂಗೈ ಮೇಲೆ ಇಡುತ್ತಿದ್ದಳು. ನಟ್ಟು ಕಿರ್ ಎಂದರೆ ಎಣ್ಣೆ ಡಬ್ಬಿ. ಸ್ಪ್ಯಾನರ್ ಜಾರಿ ಟಣ್ ಎಂದರೆ ಅದಕ್ಕಿಂತ ಒಂದು ಸೈಜು ಚಿಕ್ಕದು. ಏನೂ ಸದ್ದಿಲ್ಲದೆ ಬರೀ ಕೆಮ್ಮು ಕೇಳಿದರೆ ಚಹಾ.

ವೇಲ್ಸಿನ ನಮ್ಮ ಕಣಿವೆಯಲ್ಲಿ ಜನ ಹೆಚ್ಚು, ಹೆಸರು ಕಡಿಮೆ. ಬ್ರೆಡ್ಡಿನ ಡೇವಿಸ್, ಕಲ್ಲಿದ್ದಲ ಡೇವಿಸ್ ಎಂದು ಕರೆದರೇನೇ ಯಾರೆಂದು ಗೊತ್ತಾಗುವುದು. ಎಲ್ವಿನ್‌ಗೆ ಕಾಲು ಎಲ್ವಿನ್ ಎಂದು ಹೆಸರು ಬಿದ್ದಿತ್ತು. ವಾರವೆಲ್ಲ ಗಣಿಯ ಒಳಗಿರುತ್ತಿದ್ದ, ಭಾನುವಾರ ಕಾರಿನ ಅಡಿಗಿರುತ್ತಿದ್ದ. ಹಾಗಾಗಿ ಬೀದಿಯವರು ಹೆಚ್ಚಾಗಿ ಕಂಡದ್ದು ಅವನ ಬೂಟುಗಳನ್ನೇ. ಮಾತಾಡಿಸುವವರು ಬೂಟಿನ ಹತ್ತಿರ ಬಗ್ಗಿ ಮಾತಾಡಿಸುತ್ತಿದ್ದರು. ಚರ್ಚಿನಲ್ಲಿ ಹಾಡು ನಡೆಯುತ್ತಿರುವಷ್ಟು ಹೊತ್ತು ಅವನು ಸುತ್ತಿಗೆ ಮುಟ್ಟುತ್ತಿರಲಿಲ್ಲ, ಸದ್ದಿಲ್ಲದ ಕೆಲಸ ಮಾಡುತ್ತಿದ್ದ. ಅಷ್ಟು ಭಕ್ತಿ ಅವನಿಗಿತ್ತು.

ಇದೆಲ್ಲ ನಡೆಯುತ್ತಿದ್ದದ್ದು ಮನೆಗಳ ಹಿಂದಿನ ಓಣಿಯಲ್ಲಿ. ಪಕ್ಕದ ಮನೆ ನನ್ನದು. ನನ್ನ ಅಡುಗೆಮನೆಯ ಕಿಟಕಿ ಓಣಿಗೇ ತೆರೆಯುತ್ತದೆ. ಆ ಮನೆಯ ಮಾತೆಲ್ಲ ನನಗೆ ಹಾಗೆ ಕೇಳಿದ್ದು. ಒಮ್ಮೆ ಅವರ ಒಲೆಯ ಮೇಲೆ ಒಂದು ಸ್ಪ್ಯಾನರ್ ಕೆಂಪಗೆ ಕಾಯುತ್ತಿತ್ತು.

"ಏನೋ ಅದು, ನನ್ನ ಒಲೆ ಮೇಲೆ?"

"ಸೂಪು ಕಣೇ."

"ಕಬ್ಬಿಣದ ಸೂಪಾ?"

"ಉಪ್ಪು ಮಾತ್ರ ನೀನೇ ನೋಡಿ ಹಾಕು."

ಗೇರ್ ಬಾಕ್ಸಿನಿಂದ ಹಿಂದಿನ ಚಕ್ರದ ಕಡೆಗೆ ಹೋಗುವ ಉದ್ದ ದಂಡಕ್ಕೆ ನಾಲ್ಕು ನಟ್ಟು. ಅವರ ಹಳೆಯ ಮೋರಿಸ್ ಕಾರಿನಲ್ಲಿ ಅವುಗಳಲ್ಲೊಂದು ತುಕ್ಕು ಹಿಡಿದ ತಗಡಿನ ಹಿಂದೆ ಅಡಗಿ, ಯಾವ ಸ್ಪ್ಯಾನರಿಗೂ ಸಿಗುತ್ತಿರಲಿಲ್ಲ. ಆ ಒಂದು ನಟ್ಟಿಗೋಸ್ಕರ ಅವನು ಒಳ್ಳೆಯ ಸ್ಪ್ಯಾನರೊಂದನ್ನು ಕಾಯಿಸಿ, ಹಿತ್ತಿಲ ಕಲ್ಲಿನ ಮೇಲೆ ಬಡಿದು, ಕತ್ತು ಮುರಿದ ಬಾತುಕೋಳಿಯ ಹಾಗೆ ಬಗ್ಗಿಸಿಕೊಂಡ. ಆಮೇಲೆ ಅದು ಬೇರೆ ಯಾವ ಕೆಲಸಕ್ಕೂ ಬರಲಿಲ್ಲ.

ಎಲ್ವಿನ್ ಹೋದದ್ದು ಚಳಿಗಾಲದಲ್ಲಿ. ಆ ದಂಡವನ್ನು ಕೆಳಗಿಳಿಸಿ, ಸವೆದ ಜಾಯಿಂಟ್ ತೆಗೆದು ಹೊಸದು ಕೂರಿಸಿದ್ದ. ಮತ್ತೆ ಮೇಲೆ ಕಟ್ಟುವುದೊಂದು ಬಾಕಿ. ಉಸಿರು ಸಿಕ್ಕಿಕೊಂಡಿತು. ಗಣಿಯ ಧೂಳು ಎದೆಯಲ್ಲಿ ಎಷ್ಟೋ ವರ್ಷದಿಂದ ಕೂತಿತ್ತು. ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅವನ ಬೂಟುಗಳು ಮಾತ್ರ ಒಂದು ಚೀಲದಲ್ಲಿ ಮನೆಗೆ ಬಂದವು. ಕಾರು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಹಾಗೇ ನಿಂತಿತು. ಅದರ ಅಡಿಯಲ್ಲಿ ಅವನು ಮಲಗುತ್ತಿದ್ದ ರಟ್ಟು, ಬೆನ್ನಿನಷ್ಟಗಲ ಎಣ್ಣೆ ಕಪ್ಪು.

ಭಾನುವಾರ ಬಂದರೆ ಕೈನ್ವೆನ್ ಕ್ರೇಟಿನ ಮೇಲೆ ಬಂದು ಕೂರತೊಡಗಿದಳು. ಪಾಪ, ಅಭ್ಯಾಸ ಎಂದುಕೊಂಡೆ. ಆದರೆ ಅವಳು ತಲೆ ವಾಲಿಸಿ ಕಿವಿಗೊಡುತ್ತಿದ್ದಳು. ಪೆಟ್ಟಿಗೆಯಿಂದ ಏನನ್ನೋ ಆರಿಸಿ, ಕಾರಿನ ಅಂಚಿನ ಹತ್ತಿರ ಕೈ ನೀಡಿ ಇಡುತ್ತಿದ್ದಳು. ಒಂದಿನ ಗೋಡೆಯ ಈಚೆಯಿಂದ ಕೇಳಿಯೇಬಿಟ್ಟೆ.

"ಏನ್ ಮಾಡ್ತಿದ್ದೀಯೇ?"

"ಕೈ ಬರ್ತದೆ ಕಣೇ ಒಲ್ವೆನ್."

"ಯಾರದ್ದು?"

"ಇನ್ಯಾರದ್ದು? ಉಗುರು ನೋಡಿದ್ರೆ ಗೊತ್ತಾಗಲ್ವಾ?"

"ಮಾತಾಡ್ತಾನಾ?"

"ಬದುಕಿದ್ದಾಗ್ಲೇ ಆಡಿದವನಲ್ಲ."

"ನಿಂಗೆ ಹೆದರಿಕೆ ಆಗಲ್ವಾ?"

"ಆಗತ್ತೆ. ಕೈ ಬರೋದು ತಡವಾದಾಗ."

ಅವಳಿಗೆ ಬುದ್ಧಿ ಕೆಟ್ಟಿದೆ ಎಂದು ನಾನು ಯಾರಿಗೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಒಂದು ಭಾನುವಾರ ಅವಳು ತಂಗಿಯ ಮನೆಗೆ ಹೋಗಿದ್ದಾಗ, ನಾನು ಬಟ್ಟೆ ಒಣಹಾಕುತ್ತಿದ್ದೆ. ಓಣಿಯಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮನ್ನು ನಾನು ಅಷ್ಟು ವರ್ಷ ಕೇಳಿದ್ದೇನೆ. ಬಟ್ಟೆಯ ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ವಸಂತದಲ್ಲಿ ಇದ್ವಲ್ ಬಂದ. ನೀರಿನ ಪೈಪು ಹಾಕಿಸುವ ಮೇಸ್ತ್ರಿ, ಈ ಬೀದಿಯಲ್ಲೇ ಬೆಳೆದ ಹುಡುಗ.

"ಆಂಟಿ, ಸೋಮವಾರ ಓಣಿ ಅಗೀತೀವಿ. ಈ ಕಾರು ಇಲ್ಲಿರೋ ಹಾಗಿಲ್ಲ."

"ಹೋಗು ಅಂದ್ರೆ ಹೋಗೋಕೆ ಅದೇನು ಬೆಕ್ಕಾ?"

"ಓಡೋ ಹಾಗಿದ್ರೆ ಓಡಿಸ್ಕೊಂಡು ಹೋಗಿ. ಇಲ್ಲಾಂದ್ರೆ ಕ್ರೇನ್ ತರಿಸ್ತಾರೆ, ಎತ್ತಿದ್ದು ಸೀದಾ ಗುಜರಿಗೇ. ನನ್ನ ಕೈಲಿಲ್ಲ ಆಂಟಿ."

"ತಳ್ಳಿದ್ರೆ?"

ಇದ್ವಲ್ ಓಣಿಯ ಏರನ್ನು ನೋಡಿದ, ಆಮೇಲೆ ಮನೆಗಳನ್ನು ನೋಡಿದ. "ಯಾರು ತಳ್ತಾರೆ? ಇಲ್ಲಿರೋ ಗಂಡಸರು ಮೆಟ್ಟಿಲು ಹತ್ತಿದ್ರೇ ಕೂತ್ಕೋತಾರೆ. ನಾನೊಬ್ಬ ಮೆಕ್ಯಾನಿಕ್ಕನ್ನ ಕಳಿಸ್ಲಾ?"

"ಬೇಡ," ಎಂದಳು ಕೈನ್ವೆನ್. "ಆ ಕಾರಿನ ಅಡಿ ಬೇರೆಯವನ ಕಾಲು ನೋಡೋಕೆ ನನ್ನಿಂದಾಗಲ್ಲ."

ಅವನು ಹೋದ ಮೇಲೆ ನನ್ನ ಮೇಜಿನ ಮುಂದೆ ಬಂದು ಕೂತಳು. ಕಾವಲಿಯ ಮೇಲಿಂದ ತೆಗೆದ ಬಿಸಿ ಕೇಕು ಕೊಟ್ಟರೆ ಮುಟ್ಟಲಿಲ್ಲ.

"ಮುಗಿಸದಿದ್ರೆ ಕಾರು ಹೋಗತ್ತೆ," ಎಂದಳು. "ಮುಗಿಸಿದ್ರೆ ಅವನಿಗೆ ಕೆಲಸ ಇರಲ್ಲ. ಕೆಲಸ ಇಲ್ದೇ ಇದ್ರೆ ಯಾಕೆ ಬರ್ತಾನೆ? ನೀನೇ ಹೇಳು."

ನಾನು ಕೇಕನ್ನು ಇನ್ನಷ್ಟು ಹತ್ತಿರ ಸರಿಸಿದೆ.

ಭಾನುವಾರ ಅವಳು ಎಲ್ವಿನ್‌ನ ನೀಲಿ ಅಂಗಿ ತೊಟ್ಟು, ತಲೆಗೆ ವಸ್ತ್ರ ಕಟ್ಟಿ, ರಟ್ಟಿನ ಮೇಲೆ ಅಂಗಾತ ಮಲಗಿ ಒಳಗೆ ಸರಿದಳು. ಕ್ರೇಟಿನ ಮೇಲೆ ನಾನು. ಸ್ವಲ್ಪ ಹೊತ್ತಿಗೆ ಕಾರಿನ ಅಡಿಯಿಂದ ನೀಲಿ ತೋಳಿನ ಕೈಯೊಂದು ಹೊರಗೆ ಬಂತು, ಅಂಗೈ ಮೇಲಾಗಿ. ಅವಳದೇ ಎಂದು ಗೊತ್ತಿದ್ದೂ ಉಗುರು ನೋಡಿಕೊಂಡೆ. ಸಿಕ್ಕಿದ್ದನ್ನು ಇಟ್ಟೆ.

"ಸುತ್ತಿಗೆ ಯಾಕೆ ಕೊಟ್ಟೆ? ಸ್ಪ್ಯಾನರ್ ಕೊಡೇ!"

"ನೀನು ಬಾಯಿಬಿಟ್ಟು ಕೇಳಬೇಕಪ್ಪಾ."

"ಸದ್ದು ಕೇಳ್ಲಿಲ್ವಾ?"

"ಕೇಳ್ತು. ನಂಗದು ಬರೀ ಸದ್ದು. ನಾನೇನು ನಿನ್ನನ್ನ ಮದ್ವೆಯಾಗಿದ್ದೀನಾ?"

ಒಳಗಿಂದ ನಗು ಕೇಳಿಸಿತು. ಎಲ್ವಿನ್ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ದಂಡವನ್ನು ಎದೆಯ ಮೇಲಿಟ್ಟುಕೊಂಡು, ಮುಂದಿನ ತುದಿಯನ್ನು ಗೇರ್ ಬಾಕ್ಸಿಗೆ ತೂರಿಸಿ, ಹಿಂದಿನ ತುದಿ ಎತ್ತಿ ಹಿಡಿದು ಮೂರು ನಟ್ಟು ಬಿಗಿದಳು. ನಾಲ್ಕನೆಯದಕ್ಕೆ ಆ ಬಗ್ಗಿದ ಸ್ಪ್ಯಾನರೇ ಬೇಕು. ಪೆಟ್ಟಿಗೆಯಲ್ಲಿ ಇರಲಿಲ್ಲ. ಎಲ್ಲವನ್ನೂ ಕಲ್ಲಿನ ಮೇಲೆ ಸುರಿದು ಹುಡುಕಿದೆ. ಅವಳೂ ಹೊರಬಂದು ಹುಡುಕಿದಳು. ಇಲ್ಲ.

"ಕಣ್ಣಿಗೆ ಕಾಣದಿದ್ರೂ ಕೈಗೆ ಸಿಗಬಹುದು," ಎಂದು ಮತ್ತೆ ಅಡಿಗೆ ಹೋದಳು. ನಾನು ಚಹಾ ತರಲು ಮನೆಗೆ ಹೋದೆ.

ಎರಡು ಲೋಟ ಹಿಡಿದು ಹಿತ್ತಿಲ ಬಾಗಿಲು ದಾಟುವಾಗ ಓಣಿಯಿಂದ ನಟ್ಟು ಬಿಗಿಯುವ ಸದ್ದು ಬರುತ್ತಿತ್ತು. ಕಿರ್, ಕಿರ್, ಕಿರ್.

"ಕೊನೆಗೂ ಕೊಟ್ಯಲ್ಲ ಮಾರಾಯ್ತಿ," ಎಂದಳು ಕಾರಿನ ಅಡಿಯಿಂದ. "ಎಲ್ಲಿತ್ತು?"

ಕ್ರೇಟು ಖಾಲಿಯಿತ್ತು. ಓಣಿಯ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಒಬ್ಬರೂ ಇರಲಿಲ್ಲ. ಚರ್ಚಿನಲ್ಲಿ ಹಾಡು ನಡೆದಿತ್ತು. ಚಹಾ ತುಳುಕಿ ನನ್ನ ಬೆರಳು ಸುಟ್ಟಿತು.

ಅವಳು ಹೊರಗೆ ಜಾರಿ ಬಂದಳು. ಬಗ್ಗಿದ ಸ್ಪ್ಯಾನರ್ ಕೈಯಲ್ಲಿತ್ತು, ಹಸಿ ಗ್ರೀಸು ಮೆತ್ತಿದ್ದು. ಮಲಗಿದಲ್ಲಿಂದಲೇ ನನ್ನ ಮುಖ ನೋಡಿದಳು.

"ನೀನೇ ಕೊಟ್ಟಿದ್ದು ತಾನೇ?"

ಅಲ್ಲ ಎಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅವಳು ತಿರುಗಿ ಒಳಗೆ ಹೋಗುತ್ತಾಳೆ. ಆ ನಟ್ಟನ್ನು ಬಿಚ್ಚುತ್ತಾಳೆ. ನಾಳೆ ಕ್ರೇನ್ ಬಂದರೂ ಆ ರಟ್ಟಿನ ಮೇಲಿಂದ ಏಳುವುದಿಲ್ಲ.

"ಹೂಂ, ನಾನೇ. ಕ್ರೇಟಿನ ಹಿಂದೆ ಬಿದ್ದಿತ್ತು."

ಅವಳು ಲೋಟ ಹಿಡಿದಿದ್ದ ನನ್ನ ಬೆರಳುಗಳನ್ನು ನೋಡಿದಳು. ಒಂದು ಚುಕ್ಕೆ ಗ್ರೀಸಿರಲಿಲ್ಲ.

"ಹೌದು," ಎಂದಳು ಆಮೇಲೆ. "ಅಲ್ಲೇ ಬಿದ್ದಿರ್ಬೇಕು."

ಎದ್ದು ಮೊಣಕಾಲೂರಿ, ಕಾರಿನ ಅಡಿಯ ಕತ್ತಲೆಗೆ ಮುಖಮಾಡಿ, ಹೆಂಡತಿ ಗಂಡನನ್ನು ಕರೆಯುವ ದನಿಯಲ್ಲೇ ಹೇಳಿದಳು: "ಮುಗೀತು ಕಣೋ. ಹೊರಗೆ ಬಾ. ಇಳಿಸ್ತೀನಿ."

ನಾವಿಬ್ಬರೂ ಕಾದೆವು. ಹಾಡು ಮುಗಿದು ಚರ್ಚಿನ ಬಾಗಿಲು ತೆರೆದ ಸದ್ದು ಕೇಳಿತು. ಅವಳು ಬಗ್ಗಿ, ಅಡಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿ, ಆಮೇಲೆಯೇ ಜಾಕ್ ಕೊಟ್ಟು ಸ್ಟ್ಯಾಂಡುಗಳನ್ನು ಒಂದೊಂದಾಗಿ ಎಳೆದಳು. ಕಾರು ಕೆಳಗಿಳಿಯುವಾಗ ಸ್ಪ್ರಿಂಗುಗಳು ಉಸಿರುಬಿಟ್ಟ ಹಾಗಾಯಿತು.

ಬ್ಯಾಟರಿಯನ್ನು ಚಾರ್ಜ್ ಮಾಡಿಟ್ಟಿದ್ದಳು. ಎಂಜಿನ್ ಮೂರ್ನಾಲ್ಕು ಸಲ ಗೊಣಗಿ ಹಿಡಿಯಿತು. ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು ಮೊದಲ ಗೇರಿನಲ್ಲೇ ಏರು ಹತ್ತಿಸಿದಳು. ಆಗ ಕಣ್ಣೀರು ಬಂತು ಅವಳಿಗೆ. ಒರೆಸಿಕೊಳ್ಳಲು ಸ್ಟಿಯರಿಂಗ್ ಬಿಡುವ ಹಾಗಿರಲಿಲ್ಲ. ಒಂದು ಮೂಲೆಯಿಂದಲೂ ಕಟಕಟ ಸದ್ದಿಲ್ಲ. ಎಲ್ವಿನ್ ಕೂರಿಸಿದ ಜಾಯಿಂಟ್ ಸರಿಯಾಗಿ ಕೂತಿತ್ತು.

ಈಗ ಆ ಓಣಿಗೆ ಡಾಂಬರು ಬಿದ್ದಿದೆ. ಕಾರು ಮುಂಬಾಗಿಲ ಬೀದಿಯಲ್ಲಿ ನಿಲ್ಲುತ್ತದೆ. ಅದರಲ್ಲಿ ಕೈನ್ವೆನ್ ತಂಗಿಯ ಮನೆಗೆ, ಸಮುದ್ರದ ಕಡೆಗೆ ಹೋಗಿಬರುತ್ತಾಳೆ. ಮನೆಯ ಹಿಂದಿನ ಬಾಗಿಲು ಮಾತ್ರ ತೆಗೆಯುವುದಿಲ್ಲ. ಅಲ್ಲಿ ಯಾರೂ ಇಲ್ಲ ಎಂದು ಅವಳೇ ಹೇಳುತ್ತಾಳೆ, ನಾನು ಕೇಳದೆಯೇ.

ಕೆಲವು ಭಾನುವಾರ ನನಗೆ ಕೆಮ್ಮು ಕೇಳಿಸುತ್ತದೆ. ಕಿಟಕಿ ಮುಚ್ಚುತ್ತೇನೆ, ಅವಳಿಗೆ ಹೇಳುವುದಿಲ್ಲ. ಸ್ಪ್ಯಾನರ್ ಕೊಟ್ಟದ್ದು ಯಾರೆಂದು ಅವಳು ಮತ್ತೆ ಕೇಳಿದ್ದಿಲ್ಲ. ಕೇಳಿದರೆ ಈಗಲೂ ನಾನೇ ಎನ್ನುತ್ತೇನೆ.