ನನ್ನ ಹೆಸರಿನ ಚೆಕ್, ಹೋಟೆಲಿನ ಖಾತೆ

ಸ್ನೇಹಿತರೇ, ಇವತ್ತು ಪೋರೂರಿನ ಬ್ಯಾಂಕಿನಲ್ಲಿ ನನ್ನ ಬಿ.ಪಿ. ಏರಿಸಿದವರು ನಮ್ಮ ಹೋಟೆಲಿನಲ್ಲೇ ದಿನಾ ತಿಂಡಿ ತಿನ್ನುವ ಆಫೀಸರು. ಸೀಮಂತದ ಅಡುಗೆಗೆ ಗಿರಾಕಿಯೊಬ್ಬರು ಕೊಟ್ಟ ಚೆಕ್ಕನ್ನು ಹೋಟೆಲಿನ ಖಾತೆಗೆ ಹಾಕಲು ಹೋಗಿದ್ದೆ. ಗ್ಯಾಸಿನವರಿಗೆ ನಾನು ಕೊಟ್ಟ ಚೆಕ್ ನಾಳೆಯೇ ಬ್ಯಾಂಕಿಗೆ ಬರುತ್ತದೆ, ಖಾತೆಯಲ್ಲಿ ದುಡ್ಡಿಲ್ಲ.

“ಇದು ನಿಮ್ಮ ಹೆಸರಲ್ಲಿದೆ ಭಟ್ರೇ. ಹೋಟೆಲ್ ಹೆಸರಲ್ಲಿ ಬೇರೆ ಬರೆಸ್ಕೊಂಡು ಬನ್ನಿ.”

“ಹೋಟೆಲ್ ನಂದೇ ಅಲ್ವಾ ಮಾರಾಯ್ರೇ? ಬೆಳಿಗ್ಗೆ ನಿಮಗೆ ಪೊಂಗಲ್ ಬಡಿಸಿದ್ದು ಯಾರು?”

“ನೀವು ಬೇರೆ, ಹೋಟೆಲ್ ಬೇರೆ. ರೂಲ್ಸ್.”

ಚೆಕ್ ಜೇಬಿಗಿಟ್ಟು ಬಂದೆ.

ಗಲ್ಲಾದಲ್ಲಿ ಕೂತು ಆ ಆಫೀಸರ ತಿಂಡಿಯ ಲೆಕ್ಕ ನೋಡಿದೆ. ನಾವು ಬ್ಯಾಂಕಿಗೆ ಕಳಿಸುವ, ಬ್ಯಾಂಕೇ ದುಡ್ಡು ಕೊಡುವ ಕಾಫಿಯ ಲೆಕ್ಕಕ್ಕೇ ಅದನ್ನೂ ತಿಂಗಳಿಡೀ ಬರೆಸಿದ್ದಾರೆ. ಬೆಳಿಗ್ಗೆ ಬರಲಿ. ಅವರು ಬೇರೆ, ಬ್ಯಾಂಕ್ ಬೇರೆ.