ತಮ್ಮನ ಪದಕ, ನನ್ನ ಎರಡು ಸುಳ್ಳು

ನನ್ನ ತಮ್ಮ ಊರಲ್ಲಿಲ್ಲ, ಎಲ್ಲಿದ್ದಾನೋ ಗೊತ್ತಿಲ್ಲ ಎಂದು ಸರಕಾರದ ಮನುಷ್ಯನಿಗೆ ಹೇಳಿದವಳು ನಾನು. ಆ ಹೊತ್ತಿಗೆ ಅವನು ಊರಲ್ಲೇ ಇದ್ದ, ನಮ್ಮ ಗದ್ದೆಯಲ್ಲಿ ಎತ್ತು ಹೂಡಿಕೊಂಡು ಉಳುತ್ತಿದ್ದ. ಆ ಮಾತಿನಿಂದಾಗಿ ಅವನಿಗೆ ಸಲ್ಲಬೇಕಾದ ಶೌರ್ಯದ ಪದಕ ವರ್ಷಗಟ್ಟಲೆ ಅವನ ಕೈಗೆ ಬರಲಿಲ್ಲ. ಮುಂದೆ ಅದನ್ನು ಸರಿಪಡಿಸಲು ಹೋದಾಗ ಇನ್ನೊಂದು ಸುಳ್ಳು ಹೇಳಿದೆ. ಮೊದಲನೆಯದು ಊರಿಗೆಲ್ಲ ಗೊತ್ತು. ಎರಡನೆಯದು — ಅದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ನಮ್ಮದು ಬನವಾಸಿ ಹತ್ತಿರದ ಒಂದು ಹಳ್ಳಿ. ಭತ್ತದ ಗದ್ದೆ, ಎರಡು ಜೋಡಿ ಎತ್ತು, ನಾವಿಬ್ಬರು ಮಕ್ಕಳು. ನನಗೆ ಚಿಕ್ಕಂದಿನಲ್ಲೇ ಮದುವೆಯಾಯಿತು, ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡ. ಅಪ್ಪ ಯಾರ ಮಾತಿಗೂ ಕಿವಿಗೊಡದೆ ನನ್ನನ್ನು ಓದಿಸಿದ. ಟ್ರೇನಿಂಗ್ ಮುಗಿಸಿ ಶಿರಸಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಸೇರಿದೆ. ನೀಲವ್ವ ಹೋಗಿ ‘ನೀಲಾ ಅಕ್ಕೋರು’ ಆದೆ. ಆ ಶಾಲೆ ನನಗೆ ಏನಾಗಿತ್ತು ಎಂದು ಹೇಗೆ ಹೇಳಲಿ? ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ನಾನು ಯಾರ ವಿಧವೆಯೂ ಅಲ್ಲ, ಯಾರ ಮನೆಯ ಹೊರೆಯೂ ಅಲ್ಲ. ಆ ಮನೆಯ ಯಜಮಾನಿ ನಾನೇ.

ತಮ್ಮ ಚನ್ನಬಸಪ್ಪ ನನಗಿಂತ ಎಂಟು ವರ್ಷ ಚಿಕ್ಕವನು. ದೊಡ್ಡ ಯುದ್ಧ ನಡೆದಿದ್ದಾಗ ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ಸೈನ್ಯಕ್ಕೆ ಸೇರಿಕೊಂಡ. ಬರ್ಮಾದಲ್ಲಿ ಹೋರಾಡಿ, ಅಲ್ಲೇ ಜ್ವರ ಹಿಡಿದು, ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗುತ್ತ ಕೊನೆಗೆ ಬೇರೊಂದು ದಳದ ಮೂಲಕ ಬಿಡುಗಡೆಯಾಗಿ ಮನೆಗೆ ಬಂದ. ಬಂದ ಹೊಸದರಲ್ಲಿ ಒಂದು ನದಿಯ ಕಥೆ ಹೇಳುತ್ತಿದ್ದ. ಗಾಯಗೊಂಡವರನ್ನು ತುಂಬಿದ್ದ ದೋಣಿಯ ಅಂಬಿಗ ಗುಂಡು ತಾಗಿ ಬಿದ್ದನಂತೆ. ದೋಣಿ ಶತ್ರುಗಳ ದಂಡೆಯ ಕಡೆಗೇ ಕೊಚ್ಚಿಕೊಂಡು ಹೊರಟಿತಂತೆ. ವರದಾ ನದಿಯಲ್ಲಿ ಈಜಿ ಬೆಳೆದ ಇವನು ದೋಣಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರಿಗೆ ಹಾರಿ ಅದನ್ನು ಈಚೆ ದಂಡೆಗೆ ಎಳೆದು ತಂದನಂತೆ. ಆಸ್ಪತ್ರೆಯಲ್ಲಿದ್ದಾಗ ಸಾಹೇಬರು ಬಂದು, ನಿನ್ನ ಹೆಸರು ಮೇಲಕ್ಕೆ ಕಳಿಸಿದ್ದೇನೆ, ಪದಕ ಬರುತ್ತದೆ ಎಂದಿದ್ದರಂತೆ.

ಪದಕ ಬರಲಿಲ್ಲ. ಅವನ ಡಿಸ್ಚಾರ್ಜ್ ಪುಸ್ತಕದಲ್ಲಿ ಎಲ್ಲರಿಗೂ ಕೊಡುವ ಸಾಮಾನ್ಯ ಪದಕ ಒಂದನ್ನು ಬಿಟ್ಟರೆ ಮತ್ತೇನೂ ಬರೆದಿರಲಿಲ್ಲ, ಅದೂ ಕೈಗೆ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂರುವ ಜನ ಮೊದಮೊದಲು ಕಥೆ ಕೇಳಿದರು, ಆಮೇಲೆ ನಕ್ಕರು. ಇವ ಅಲ್ಲಿ ರೊಟ್ಟಿ ಬಡಿಯುತ್ತಿದ್ದನೇನೋ ಎಂದು ಯಾರೋ ಅಂದರು. ಅಲ್ಲಿಂದ ಅವನ ಹೆಸರೇ ‘ಅಡಗಿ ಸೋಜರ’, ಅಂದರೆ ಅಡುಗೆಯ ಸಿಪಾಯಿ, ಎಂದಾಯಿತು. ಚನ್ನ ತಾನೂ ನಗುತ್ತಿದ್ದ. ಆದರೆ ನದಿಯ ಕಥೆ ಹೇಳುವುದನ್ನು ಬಿಟ್ಟುಬಿಟ್ಟ. ಅವ್ವ ಮಾತ್ರ ಆ ಕಥೆ ಹೇಳೆಂದು ಆಗಾಗ ಕೇಳುತ್ತಿದ್ದಳು. ಅವಳಿಗೂ ಹೇಳುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಪೂರ್ತಿ ಬಿದ್ದುಹೋದವು. ಚನ್ನನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅವ್ವನನ್ನು ಎತ್ತಿ ಕೂರಿಸುವುದು, ಮೀಯಿಸುವುದು, ತುತ್ತು ಮಾಡಿ ತಿನ್ನಿಸುವುದು ಎಲ್ಲ ಅವನದೇ. ನಾನು ಶನಿವಾರ ಸಂಜೆ ಬರುತ್ತಿದ್ದೆ, ಸೋಮವಾರ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದೆ. ಹೆಣ್ಣುಮಗಳು ಮಾಡಬೇಕಾದ ಕೆಲಸವನ್ನು ಗಂಡುಮಗ ಮಾಡುತ್ತಾನೆ ಎಂದು ನೆರೆಯವರು ಆಡಿಕೊಳ್ಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಕೇಳಿಸದವಳಂತೆ ಇದ್ದೆ.

ರಾಜ್ಯಗಳ ವಿಂಗಡಣೆಯಾದ ವರ್ಷ ಅದು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರುವ ಗಡಿಬಿಡಿಯಲ್ಲಿ ಕಚೇರಿಗಳು ಬಾಕಿ ಕೆಲಸ ಮುಗಿಸುವ ಅವಸರದಲ್ಲಿದ್ದವು. ಒಂದು ಮಧ್ಯಾಹ್ನ ತಾಲೂಕಿನ ಮಾಮಲೇದಾರ ಕಚೇರಿಯ ಕಾರಕೂನರೊಬ್ಬರು ಶಾಲೆಗೆ ಬಂದರು. ಚನ್ನಬಸಪ್ಪ ಎಂಬ ಮಾಜಿ ಸೈನಿಕನ ವಿಚಾರಣೆ ಬಂದಿದೆ, ನೀವು ಅಕ್ಕ ಎಂದು ತಿಳಿಯಿತು, ಹಳ್ಳಿಯವರೆಗೆ ಹೋಗುವ ಬದಲು ನಿಮ್ಮನ್ನೇ ಕೇಳೋಣ ಎಂದು ಬಂದೆ ಎಂದರು. ಯುದ್ಧದ ಕಾಲದ ಪದಕಗಳು ಅವನಿಗೆ ಸಲ್ಲಬೇಕಿದೆ, ಅವುಗಳಲ್ಲಿ ಒಂದು ಶೌರ್ಯದ್ದು, ಆಳು ಇದ್ದಾನೆಂದು ಖಾತ್ರಿಯಾದರೆ ಸಾಕು ಎಂದು ವಿವರಿಸಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ — ನಿಜವಾಗಿಯೂ ಆಯಿತು, ಒಂದು ಕ್ಷಣ. ಅಷ್ಟರಲ್ಲಿ ಅವರು ಮುಂದುವರಿಸಿದರು. ಅಂಥ ಪದಕ ಇದ್ದವರನ್ನು ಬೆಳಗಾವಿಯಲ್ಲಿ ಹೊಸ ಹುಡುಗರಿಗೆ ಕವಾಯತು ಕಲಿಸುವ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದಾರೆ, ನಿಮ್ಮ ತಮ್ಮನಿಗೂ ಕರೆ ಬರಬಹುದು.

ಚನ್ನ ಹೋಗುತ್ತಾನೆ. ಸೈನ್ಯವೆಂದರೆ ಅವನಿಗೆ ಪ್ರಾಣ, ಕರೆದರೆ ನಿಲ್ಲುವವನಲ್ಲ. ಅವನು ಹೋದರೆ ಅವ್ವನನ್ನು ನೋಡಲು ನಾನು ಶಾಲೆ ಬಿಟ್ಟು ಹಳ್ಳಿಗೆ ಹೋಗಬೇಕು. ಇಷ್ಟನ್ನು ನಾನು ಯೋಚಿಸಿದೆ ಎಂದೂ ಹೇಳಲಾರೆ, ಅದು ಅಷ್ಟು ಬೇಗ ನಡೆದುಹೋಯಿತು. ಒಳಗೆ ಹುಡುಗಿಯರು ಮಗ್ಗಿ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅಂದೆ:

“ಅವ ಊರಾಗಿಲ್ರಿ. ಮುಂಬೈ ಕಡೆ ಹೋದಾವ ತಿರುಗಿ ಬಂದಿಲ್ಲ. ಎಲ್ಲಿ ಅದಾನೋ ಗೊತ್ತಿಲ್ಲ.”

ಅಕ್ಕೋರ ಮಾತನ್ನು ಯಾರು ಅನುಮಾನಿಸುತ್ತಾರೆ? ಅವರು ನಮಸ್ಕಾರ ಮಾಡಿ ಹೋದರು. ನಾನು ಒಳಗೆ ಹೋಗಿ ಮಗ್ಗಿ ಮುಂದುವರಿಸಿದೆ.

ಅದಾದ ಮೇಲೆ ದುಃಖದಲ್ಲಿ ಕೊರಗಿದೆ ಎಂದು ಬರೆದರೆ ಅದೂ ಸುಳ್ಳೇ. ನಾನು ಚೆನ್ನಾಗಿದ್ದೆ. ನನ್ನ ಕೈಯಲ್ಲಿ ಕಲಿತ ಹುಡುಗಿಯರು ಹೈಸ್ಕೂಲಿಗೆ ಹೋದರು, ಒಬ್ಬಳು ನರ್ಸ್ ಆದಳು. ಚನ್ನನೂ ನೋಡುವವರ ಕಣ್ಣಿಗೆ ಚೆನ್ನಾಗಿಯೇ ಇದ್ದ. ಕೆಲವು ವರ್ಷಗಳಲ್ಲಿ ಅವ್ವ ತೀರಿಕೊಂಡಳು. ಆಮೇಲೆ ಅವನ ಮದುವೆ ಮಾಡಿದೆವು. ಅವನ ಹೆಂಡತಿ ಶಾಂತವ್ವ ನಗುಮುಖದ ಹೆಣ್ಣು, ಮನೆಗೆ ಬೆಳಕು ತಂದಳು.

ಚೀನಾ ಯುದ್ಧ ಮುಗಿದ ಮೇಲೆ ಶಿರಸಿಯಲ್ಲಿ ಮಾಜಿ ಸೈನಿಕರನ್ನೆಲ್ಲ ಕರೆಸಿ ಒಂದು ಸಭೆ ಮಾಡಿದರು. ಪದಕ ಇದ್ದವರು ಧರಿಸಿ ಬರಬೇಕೆಂದು ಹೇಳಿಕಳಿಸಿದ್ದರು. ಶಾಂತವ್ವನ ಒತ್ತಾಯಕ್ಕೆ ಚನ್ನ ಹಳೆಯ ಖಾಕಿ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ನಿಂತ. ಅಲ್ಲಿ ಸಿದ್ದಾಪುರ ಕಡೆಯ ಬಂಗಾರ್ಯ ನಾಯ್ಕ ಎಂಬವನು ಇವನನ್ನು ಗುರುತು ಹಿಡಿದ. ನೋಡಿದವನೇ ಬಂದು ಅಪ್ಪಿಕೊಂಡನಂತೆ. ಆವತ್ತೇ ನಮ್ಮ ಮನೆಗೂ ಬಂದ. ಕುಂಟುತ್ತ ನಡೆಯುವ, ಬಾಯಿತುಂಬ ಮಾತಾಡುವ ಮನುಷ್ಯ. ಆ ದೋಣಿಯಲ್ಲಿದ್ದವರಲ್ಲಿ ಅವನೂ ಒಬ್ಬ.

ನಾನು ಮಜ್ಜಿಗೆ ತಂದುಕೊಟ್ಟಾಗ ಅವನು ನನ್ನ ಕಡೆ ತಿರುಗಿದ.

“ಇಂವ ನೀರಿಗೆ ಹಾರದೆ ಇದ್ದಿದ್ರೆ ನಾನು ಅಲ್ಲೇ ಮಣ್ಣಾಗಿ ಹೋಗ್ತಿದ್ದೆ ಅಕ್ಕಾ. ಇವಂಗೆ ಪದಕ ಆಯ್ತು ಅಂತ ಪರೇಡಿನಲ್ಲಿ ಓದಿ ಹೇಳಿದ್ದು ನನ್ನ ಕಿವಿಲೇ ಕೇಳಿದ್ದೆ. ಈಗ ನೋಡಿದ್ರೆ ಅಂಗಿ ಮೇಲೆ ಎಂತದೂ ಇಲ್ಲೆಯಲ.”

ಚನ್ನ ಮೆಲ್ಲಗೆ ಅಂದ:

“ಖರೇನ ನೀರಿಗೆ ಹಾರಿದ್ನ್ಯಾ ನಾನು? ಇಷ್ಟ ವರ್ಷ ಆತು, ಜ್ವರದಾಗ ಕನಸ ಕಂಡಿದ್ನೇನೋ ಅಂತ ಮಾಡಿದ್ದೆ.”

ಅವನಿಂದ ನಾನು ಏನನ್ನು ಕಿತ್ತುಕೊಂಡಿದ್ದೆ ಎಂಬುದು ಆಗ ನನಗೆ ತಿಳಿಯಿತು. ಪದಕವೊಂದೇ ಆಗಿದ್ದರೆ — ಲೋಹದ ಬಿಲ್ಲೆ ಅದು. ತಾನು ಮಾಡಿದ್ದನ್ನು ತಾನೇ ನಂಬದ ಹಾಗೆ ಆಗಿದ್ದ ನನ್ನ ತಮ್ಮ.

ಬಂಗಾರ್ಯ ಬಿಡುವ ಆಸಾಮಿಯಲ್ಲ. ದಾಖಲೆ ತಿದ್ದಿಸಿಯೇ ಸೈ ಎಂದು ಹಟ ಹಿಡಿದ. ಅರ್ಜಿ ಬರೆಯಲು ನಾನಿದ್ದೆನಲ್ಲ — ನನ್ನ ಕೈಯಿಂದಲೇ ಬರೆದೆ. ಕಚೇರಿಗೂ ಅವರ ಜೊತೆ ಹೋದೆ. ಅಲ್ಲಿ ಸೈನಿಕರ ಕೆಲಸ ನೋಡುತ್ತಿದ್ದ ನಿವೃತ್ತ ಸುಬೇದಾರರು ಹಳೆಯ ಕಡತ ತೆಗೆಸಿ ನೋಡಿದರು. ಪದಕ ಮಂಜೂರಾಗಿದ್ದುದು ನಿಜ. ದಳ ಬದಲಾದ್ದರಿಂದ ಇವನ ಪುಸ್ತಕದಲ್ಲಿ ಏರಿಲ್ಲ. ಮುಂದೆ ಹುಡುಕಿಸಿದಾಗ ಆಳು ಪತ್ತೆಯಿಲ್ಲ ಎಂದು ಮನೆಯವರೇ ತಿಳಿಸಿದ್ದಾರೆ, ಆದ್ದರಿಂದ ಮುಚ್ಚಿದೆ ಎಂದರು. ತಾನೇ ಆ ಚನ್ನಬಸಪ್ಪ ಎಂದು ಈಗ ಬಂದಿರುವವನು ನಿಜವಾದವನೇ ಎಂದು ತೋರಿಸಬೇಕು. ಅದಕ್ಕೆ ಜೊತೆಗಿದ್ದವನ ಸಾಕ್ಷಿ ಸಾಲದು, ಅಂದು ಹಾಗೆ ತಿಳಿಸಿದವರು ಬಂದು ಅದು ತಪ್ಪೆಂದು ಜಬಾನಿ ಹೇಳಿಕೆ ಕೊಡಬೇಕು ಎಂದರು.

ಯಾರು ಹೇಳಿರಬಹುದು ಎಂದು ಚನ್ನ ನನ್ನನ್ನೇ ಕೇಳಿದ. ದಾಯಾದಿಗಳು ಯಾರಾದರೂ ಇರಬೇಕು ಎಂದು ಅವನೇ ಅಂದುಕೊಂಡ. ಹೊಲದ ಬದುವಿನ ಸಲುವಾಗಿ ನಮ್ಮೊಡನೆ ಮಾತು ಬಿಟ್ಟಿದ್ದ ಚಿಕ್ಕಪ್ಪನ ಹೆಸರು ಎತ್ತಿದ. ಬಸ್ಸಿನಲ್ಲಿ ಊರಿಗೆ ಬರುವಷ್ಟೂ ಹೊತ್ತು ನಾನು ಸುಮ್ಮನಿದ್ದೆ. ಆದರೆ ಮರುದಿನ ಅವನು ಜಗಳಕ್ಕೆಂದು ಚಿಕ್ಕಪ್ಪನ ಮನೆಗೆ ಹೊರಟು ನಿಂತಾಗ — ಏನೂ ತಪ್ಪು ಮಾಡದ ಆ ಮುದುಕನ ಬಾಗಿಲಿಗೆ — ಅವನ ತೋಳು ಹಿಡಿದು ನಿಲ್ಲಿಸಿದೆ. ಮೊದಲು ನನ್ನ ಜೊತೆ ಶಿರಸಿಗೆ ಬಾ ಎಂದೆ. ಬೇರೆ ಏನನ್ನೂ ಹೇಳಲಿಲ್ಲ.

ಮಾಮಲೇದಾರರ ಮೇಜಿನ ಮುಂದೆ ಚನ್ನ, ಬಂಗಾರ್ಯ, ಸುಬೇದಾರರು ಎಲ್ಲ ಇದ್ದರು.

“ಹೇಳಿದಾಕಿ ನಾನ ರೀ,” ಎಂದೆ. “ಆವಾಗ ಇವ ಊರಾಗ ಇದ್ದ. ನಾ ಸುಳ್ಳ ಹೇಳಿದೆ.”

ಯಾಕೆ ಹೇಳಿದಿರಿ ಎಂದು ಮಾಮಲೇದಾರರು ಕೇಳಿದರು. ಗದರಿಸಲಿಲ್ಲ, ಬರೆದುಕೊಳ್ಳಬೇಕಲ್ಲ ಎಂದು ಕೇಳಿದರು, ಅಷ್ಟೆ. ನಾನು ಚನ್ನನ ಮುಖ ನೋಡಿದೆ. ಅವನು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ. ನಿಜ ಹೇಳಬೇಕೆಂದೇ ಹೋಗಿದ್ದವಳು ನಾನು. ಆದರೆ ಬಾಯಿಂದ ಬಂದದ್ದು ಬೇರೆ — ಮತ್ತೆ ಯುದ್ಧಕ್ಕೆ ಕರೆದೊಯ್ಯುತ್ತಾರೇನೋ ಎಂದು ಹೆದರಿದೆ, ಒಬ್ಬನೇ ತಮ್ಮ, ಜೀವ ಉಳಿದರೆ ಸಾಕು ಅನ್ನಿಸಿತು ಎಂದೆ. ಅದನ್ನು ಹಾಗೆಯೇ ಬರೆದುಕೊಂಡರು. ನಾನು ಸಹಿ ಮಾಡಿದೆ. ಸುಬೇದಾರರು ಕಣ್ಣೊರಸಿಕೊಂಡರು.

ಹೊರಗೆ ಬಂದ ಮೇಲೆ ಚನ್ನ ನನ್ನ ಚೀಲ ತಾನು ತೆಗೆದುಕೊಂಡ. “ಅಷ್ಟ ಹೆದರಿದ್ದೇನ ಯಕ್ಕಾ ನೀ,” ಎಂದನೇ ಹೊರತು ಒಂದು ಕಟು ಮಾತೂ ಆಡಲಿಲ್ಲ.

ಆಮೇಲೆ ಕಾಯಬೇಕಾಯಿತು, ಆದರೆ ಕೆಲಸ ಆಯಿತು. ತಿದ್ದಿದ ಡಿಸ್ಚಾರ್ಜ್ ಪುಸ್ತಕ ಮೊದಲು ಬಂತು. ಸೈನ್ಯದಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತಿದ್ದ ಚನ್ನ ಹೊಸದಾಗಿ ಸೇರಿಸಿದ ಸಾಲುಗಳ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಶಾಂತವ್ವನಿಗೂ ತೋರಿಸಿದ. ಅವಳಿಗೆ ಅಕ್ಷರ ಬಾರದು, ಆದರೂ ಇಬ್ಬರೂ ಸೇರಿ ಓದಿದರು. ಗಣರಾಜ್ಯ ದಿನ ಶಿರಸಿಯ ಮೈದಾನದಲ್ಲಿ ಪದಕಗಳನ್ನು ಅವನ ಎದೆಗೆ ಚುಚ್ಚಿದರು. ಸಿದ್ದಾಪುರದಿಂದ ಬಂಗಾರ್ಯ ತನ್ನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದ, ಇವನೇ ನೋಡಿ ಎಂದು ಎಲ್ಲರಿಗೂ ಚನ್ನನನ್ನು ತೋರಿಸಿದ. ಊರಿನ ಕಟ್ಟೆಯಲ್ಲಿ ‘ಅಡಗಿ ಸೋಜರ’ ಎಂಬ ಹೆಸರು ಹೋಗಿ ‘ಸುಬೇದಾರ’ ಬಂತು. ಅದೂ ಸುಳ್ಳು ಹುದ್ದೆಯೇ, ಆದರೆ ಆ ಸುಳ್ಳಿಗೆ ಎಲ್ಲರೂ ಖುಷಿಯಿಂದ ಒಪ್ಪಿದರು. ನದಿಯ ಕಥೆ ಮತ್ತೆ ಶುರುವಾಯಿತು. ನನ್ನ ತಮ್ಮ ಬೆನ್ನು ನೆಟ್ಟಗೆ ಮಾಡಿ ನಡೆಯುವುದನ್ನು ನೋಡಿ ನನಗಾದ ಸಂತೋಷ ಮಾತ್ರ ಅಪ್ಪಟ ನಿಜ.

ಆದರೆ ಆ ಕಥೆಗೆ ಅವನು ಒಂದು ಬಾಲ ಸೇರಿಸಿದ. ಕೇಳಿದವರಿಗೆಲ್ಲ, ನಮ್ಮಕ್ಕ ನನ್ನ ಮೇಲಿನ ಮಾಯೆ ಮಮತೆಗೆ ಸರಕಾರಕ್ಕೇ ಸುಳ್ಳು ಹೇಳಿ ನನ್ನನ್ನು ಬಚ್ಚಿಟ್ಟಳು ಎಂದು ಹೇಳತೊಡಗಿದ. ಮದುವೆಮನೆಗಳಲ್ಲಿ ಹೇಳಿದ, ಬೀಗರ ಮುಂದೆ ಹೇಳಿದ. ಹೆಂಗಸರು ನನ್ನ ಕೈ ಹಿಡಿದು, ಅಕ್ಕ ಅಂದರೆ ಹೀಗಿರಬೇಕು ಎನ್ನುತ್ತಿದ್ದರು. ನನ್ನ ತಪ್ಪೇ ನನ್ನ ಹೊಗಳಿಕೆಯಾಯಿತು. ನಾನು ತಲೆ ತಗ್ಗಿಸಿದರೆ ಅದನ್ನೂ ವಿನಯ ಎಂದುಕೊಂಡರು. ಹೀಗೆ ಆ ಹೊಗಳಿಕೆಯನ್ನು ನಾಲ್ಕು ವರ್ಷ ತಿಂದುಂಡು ತೇಗಿದೆ.

ಈ ವರ್ಷ ಅವನ ಮಗಳ ಹೆಸರಿಡುವ ದಿನ ಶಾಂತವ್ವ ಕೂಸನ್ನು ನನ್ನ ಮಡಿಲಲ್ಲಿ ಹಾಕಿದಳು. ಈಕೆಗೂ ನಿಮ್ಮ ಹೆಸರೇ ಇಡುತ್ತೇವೆ, ನಿಮ್ಮಂಥ ಮನಸ್ಸು ಬರಲಿ ಎಂದಳು.

ಮರುದಿನ ಬೆಳಿಗ್ಗೆ ಚನ್ನ ಎತ್ತುಗಳ ಮೈ ತೊಳೆಯಲು ಹೊಳೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಎಲ್ಲ ಹೇಳಿದೆ. ಬೆಳಗಾವಿಯ ಕೆಲಸದ ಮಾತು ಬಂದದ್ದು, ಯುದ್ಧದ ಹೆದರಿಕೆ ನನಗೆ ಇರಲೇ ಇಲ್ಲದ್ದು, ಶಾಲೆ ಬಿಡಲಾರದೆ ಅವ್ವನನ್ನು ಅವನ ತಲೆಗೇ ಕಟ್ಟಿದ್ದು. ಹೆದರಿಕೆಯ ಕಥೆ ಮಾಮಲೇದಾರರ ಮುಂದೆ ನಿಂತು ಕಟ್ಟಿದ್ದು ಎಂದೂ ಹೇಳಿದೆ. ಅವನು ಎತ್ತಿನ ಬೆನ್ನು ತಿಕ್ಕುತ್ತಲೇ ಇದ್ದ. ನನ್ನ ಕಡೆ ನೋಡಲಿಲ್ಲ. ಎರಡನೆಯ ಎತ್ತನ್ನೂ ತೊಳೆದು ಮುಗಿಸಿ, ಹಗ್ಗ ಕೈಗೆ ಸುತ್ತಿಕೊಂಡು ನಿಂತ.

“ಸಾಲಿ ಬಿಡಾಕ ಮನಸ್ಸಿಲ್ಲ ಅಂತ ಆವಾಗ ನನಗ ಒಂದ ಮಾತ ಹೇಳಿದ್ರ ಆಗ್ತಿತ್ತು,” ಎಂದ. “ನಾನ ಉಳೀತಿದ್ದೆ.”

ಮನೆಗೆ ಬಂದು ಎಂದಿನಂತೆ ಒಟ್ಟಿಗೆ ಕುಳಿತು ರೊಟ್ಟಿ ತಿಂದೆವು. ಕೂಸಿಗೆ ನನ್ನ ಹೆಸರೇ ಇದೆ, ಅದನ್ನು ಬದಲಿಸೋಣ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಂದವರಿಗೆ ಈಗ ನದಿಯ ಕಥೆಯನ್ನಷ್ಟೇ ಹೇಳುತ್ತಾನೆ, ಅಕ್ಕನ ಕಥೆ ಹೇಳುವುದಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ ಎಂಬುದು ಅವನ ಇಚ್ಛೆ ಇರಬಹುದು. ಆದರೆ ಹೊಗಳಿದವರು ನೂರು ಜನ — ಅವರಿಗೂ ತಿಳಿಯಲಿ.

ಅವನು ಉಳಿಯುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. ಎದೆಯ ಮೇಲೆ ಪದಕ ಇಟ್ಟುಕೊಂಡೇ ಅವ್ವನಿಗೆ ತುತ್ತು ತಿನ್ನಿಸುತ್ತಿದ್ದ. ಅವಳು ಎಡಗೈಯಿಂದ ಅದನ್ನು ಮುಟ್ಟಿ ನೋಡುತ್ತಿದ್ದಳು, ನದಿಯ ಕಥೆ ಇನ್ನೊಮ್ಮೆ ಹೇಳಿಸಿಕೊಳ್ಳುತ್ತಿದ್ದಳು. ದಾಖಲೆಯಲ್ಲಿ ತಪ್ಪಿದ್ದನ್ನೆಲ್ಲ ತಿದ್ದಿಸಿದೆವು. ಅವ್ವನಿಗೆ ತಪ್ಪಿಹೋದದ್ದನ್ನು ತಿದ್ದುವ ಕಚೇರಿ ಇಲ್ಲ. ಅದನ್ನು ತಪ್ಪಿಸಿದವಳು ನಾನು.