ಕೆಂಪಲಕ್ಷ್ಮಮ್ಮನ ಕೆಟಲ್

ಹಗರೆಯ ಕೆಂಪಲಕ್ಷ್ಮಮ್ಮನಿಗೆ ಐವತ್ತಾರು ವರ್ಷ ತುಂಬುವ ತನಕ ಹೊಟ್ಟೆಕಿಚ್ಚು ಪಡಲು ಪುರುಸೊತ್ತೇ ಸಿಕ್ಕಿರಲಿಲ್ಲ. ಕಣಕಟ್ಟೆಯ ತವರಿನಿಂದ ಸೊಸೆಯಾಗಿ ಬಂದ ಮೇಲೆ ಮೂರು ಹಸು, ಎರಡು ಹೊತ್ತಿನ ಹಾಲು, ರಾಗಿ ಹೊಲ, ಗಂಡ ಹುಚ್ಚಣ್ಣ, ಅತ್ತೆ ದ್ಯಾವಮ್ಮ, ಇಷ್ಟರಲ್ಲೇ ದಿನ ಮುಗಿದುಹೋಗುತ್ತಿತ್ತು. ಕೊನೆಗೆ ಆ ಕೊರತೆಯನ್ನು ತುಂಬಿಕೊಟ್ಟಿದ್ದು ಒಂದು ಕರೆಂಟ್ ಕೆಟಲ್. ಅದೂ ಅವಳದಲ್ಲ, ವಾರಗಿತ್ತಿ ಕೋಮಲಳದು.

ಕೆಂಪಲಕ್ಷ್ಮಮ್ಮನಿಗೆ ಇದ್ದ ಹೆಮ್ಮೆ ಎರಡೇ. ಒಂದು, ಅವಳ ಹಾಲು. ಡೈರಿಯ ಕಾರ್ಯದರ್ಶಿ ರವಿಕುಮಾರ್ ಎಲ್ಲರ ಹಾಲನ್ನೂ ಅಳೆದು ನೋಡುತ್ತಿದ್ದ, ಇವಳ ಕ್ಯಾನು ಬಂದರೆ ಸುಮ್ಮನೆ ಶಾಸ್ತ್ರಕ್ಕೆ ಅಂತ ಪರೀಕ್ಷಿಸುತ್ತಿದ್ದ. ಹಾಲಿಗೆ ನೀರು ಸೋಕಿಸುವುದೆಂದರೆ ಅವಳಿಗೆ ಮಾನ ಹೋದ ಹಾಗೆ. ಮನೆಯ ಕಾಫಿಗೂ ತೊಟ್ಟು ನೀರು ಹಾಕುವವಳಲ್ಲ, ಗಟ್ಟಿ ಹಾಲಿಗೇ ಪುಡಿ ಹಾಕಿ ಕುದಿಸುತ್ತಿದ್ದಳು. ಇನ್ನೊಂದು ಹೆಮ್ಮೆ, ಅತ್ತೆ.

ದ್ಯಾವಮ್ಮ ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದವಳು ಆಮೇಲೆ ಸರಿಯಾಗಿ ಓಡಾಡಲಿಲ್ಲ. ಹುಚ್ಚಣ್ಣ ಮತ್ತು ಅವನ ತಮ್ಮ ದೇವೇಂದ್ರ ಹಿಸ್ಸೆಯಾದಾಗ ಮನೆಯ ನಡುವೆ ಗೋಡೆ ಎದ್ದಿತು, ತಾಯಿಗೆ ತಿಂಗಳಿಗೊಂದು ಮನೆಯಂತೆ ಪಾಳಿ ಬಂತು. ಅಮಾವಾಸ್ಯೆಯ ಮಾರನೆಯ ದಿನ ಮುದುಕಿ ತನ್ನ ಕಂಬಳಿ, ಕೋಲು, ಎಲೆಅಡಿಕೆ ಚೀಲದ ಸಮೇತ ಗೋಡೆಯ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದಳು. ತನ್ನ ಪಾಳಿಯಲ್ಲಿ ಕೆಂಪಲಕ್ಷ್ಮಮ್ಮ ಹೇಗಿರುತ್ತಿದ್ದಳೆಂದರೆ, ಮಂಚದಿಂದ "ಕೆಂಪೀ" ಅನ್ನುವ ಕೂಗು ಮುಗಿಯುವ ಮೊದಲೇ ಬಿಸಿನೀರಿನ ಲೋಟ ಹಿಡಿದು ನಿಂತಿರುತ್ತಿದ್ದಳು. ಹಾಲು ಕರೆಯುತ್ತಿದ್ದರೂ ಅಷ್ಟೆ, ಉಣ್ಣುತ್ತಿದ್ದರೂ ಅಷ್ಟೆ. ಕೇರಿಯ ಹೆಂಗಸರೆಲ್ಲ ತಮ್ಮ ಸೊಸೆಯರಿಗೆ ಇವಳನ್ನು ತೋರಿಸಿ ಮೂದಲಿಸುತ್ತಿದ್ದರು. ಅದನ್ನು ಕೇಳಿಸಿಕೊಂಡೂ ಕೇಳಿಸದ ಹಾಗೆ ನಡೆದುಹೋಗುವುದು ಅವಳಿಗೆ ಬಲು ಹಿತವಾಗಿತ್ತು.

ಕೋಮಲ ಅಂಗನವಾಡಿಯ ಕೆಲಸದವಳು. ಬೆಳಿಗ್ಗೆ ಹೋದರೆ ಸಂಜೆಯ ಹೊತ್ತಿಗೆ ವಾಪಸ್ಸು. ಅಷ್ಟು ಹೊತ್ತು ಅತ್ತೆಗೆ ಬಿಸಿನೀರು ಕೊಡುವವರಿಲ್ಲವೆಂದು ಹಳೇಬೀಡಿನಿಂದ ಒಂದು ಕೆಟಲ್ ತಂದು, ಅರ್ಧ ನೀರು ತುಂಬಿ, ಮಂಚದ ಪಕ್ಕದ ಮಣೆಯ ಮೇಲಿಟ್ಟು, ಗುಂಡಿ ಒತ್ತಿ ಕಾಯಿಸಿಕೊಳ್ಳುವುದನ್ನು ಅತ್ತೆಗೆ ಕಲಿಸಿದಳು. ಕೆಂಪಲಕ್ಷ್ಮಮ್ಮ ನಕ್ಕಳು. ಅತ್ತೆಯನ್ನು ಲಾಡ್ಜಿನಲ್ಲಿ ಇಳಿದವರ ಥರ ನೋಡಿಕೊಳ್ಳುತ್ತಿದ್ದಾಳೆ ನಮ್ಮ ಕೋಮಲ ಎಂದು ಡೈರಿಯ ಸಾಲಿನಲ್ಲಿ ನಿಂತು ನಾಲ್ಕು ಜನಕ್ಕೆ ಹೇಳಿದಳು. ಅವರೂ ನಕ್ಕರು.

ಅಮಾವಾಸ್ಯೆ ಕಳೆಯಿತು. ಅತ್ತೆಯ ಕೈ ಹಿಡಿದು ಕರೆತರಲು ಹೋದರೆ ಮುದುಕಿ ಏಳಲೇ ಇಲ್ಲ.

"ಇದೊಂದ್ ತಿಂಗ್ಳು ಇಲ್ಲೇ ಇರ್ತೀನಿ ಕಣೇ ಕೆಂಪಿ. ನಿಂಗೂ ಒಸಿ ಸುಧಾರ್ಸ್ಕೊಂಡಂಗಾಗ್ತೈತೆ."

ಪಾಳಿ ತಪ್ಪಿದ್ದು ಅದೇ ಮೊದಲು. ಕೆಂಪಲಕ್ಷ್ಮಮ್ಮ "ಆಗಲಿ ಅತ್ತೆ" ಎಂದು ಬರಿಗೈಯಲ್ಲಿ ಬಂದಳು. ಬಂದವಳು ಹಸುವಿನ ಮೇಲೆ ರೇಗಿದಳು, ಹುಚ್ಚಣ್ಣನ ಮೇಲೆ ರೇಗಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮೂವತ್ತನಾಲ್ಕು ವರ್ಷ ಸೇವೆ ಮಾಡಿದ್ದು ತಾನು, ನಿನ್ನೆ ಮೊನ್ನೆ ಒಂದು ಗುಂಡಿ ಒತ್ತಲು ಕಲಿಸಿದವಳು ದೊಡ್ಡವಳಾದಳೇ? ಗೋಡೆಯ ಆ ಕಡೆಯಿಂದ ನೀರು ಕುದಿದು ಟಕ್ ಅಂತ ಕೆಟಲ್ ನಿಂತ ಸದ್ದು ಕೇಳಿದರೆ ಅವಳ ಎದೆಯೊಳಗೆ ಖಾರ ಅರೆದ ಹಾಗಾಗುತ್ತಿತ್ತು.

ಆಮೇಲೆ ಎಲ್ಲಿ ನೋಡಿದರೂ ಒಂದೊಂದು ಕೆಟಲ್ ಕಾಣತೊಡಗಿತು. ಬಾಡಿಗೆ ರೂಮಿನ ಮೇಷ್ಟ್ರು ಅದರಲ್ಲೇ ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದರು. ರವಿಕುಮಾರನ ಹೆಂಡತಿ ಮಗುವಿನ ಬಾಟಲಿ ತೊಳೆಯಲು ಅದರಲ್ಲೇ ನೀರು ಕಾಯಿಸುತ್ತಿದ್ದಳು. ಗೆಂಡೆಹಳ್ಳಿಗೆ ಯಾರನ್ನೋ ಮಾತಾಡಿಸಲು ಹೋದರೆ ಅಲ್ಲಿಯ ಗಿಡ್ಡಯ್ಯ ಗಡ್ಡ ಹೆರೆದುಕೊಳ್ಳುವುದಕ್ಕೂ ಅದರಿಂದಲೇ ಬಿಸಿನೀರು ಬಗ್ಗಿಸಿಕೊಳ್ಳುತ್ತಿದ್ದ. ಜಗತ್ತಿಗೆಲ್ಲ ಗೊತ್ತಿದ್ದದ್ದು ತನಗೊಬ್ಬಳಿಗೇ ಗೊತ್ತಿರಲಿಲ್ಲ ಅನ್ನಿಸಿ ಅವಳಿಗೆ ಇನ್ನಷ್ಟು ಉರಿಯಿತು.

ಕೋಮಲ ಹಳೇಬೀಡಿನಲ್ಲಿ ಕೊಂಡಿದ್ದರಿಂದ ಇವಳು ಅಲ್ಲಿ ಕೊಳ್ಳುವಂತಿರಲಿಲ್ಲ. ತವರಿಗೆ ಹೋಗಿಬರುವ ನೆಪ ಹೂಡಿ ಅರಸೀಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದಳು. ವಾರಗಿತ್ತಿಯದಕ್ಕಿಂತ ದೊಡ್ಡದು, ಥಳಥಳ ಹೊಳೆಯುವ ಸ್ಟೀಲಿನದು ಕೊಡಿ ಎಂದಳು. ಅಂಗಡಿಯವನು ಬಳಸುವ ರೀತಿ ಹೇಳಲು ಬಾಯಿ ತೆರೆದರೆ, ಎಲ್ಲಾ ಗೊತ್ತು ಎಂದು ಬಾಯಿ ಮುಚ್ಚಿಸಿದಳು. ಬಸ್ಸಿನಲ್ಲಿ ಅದನ್ನು ಕೂಸಿನ ಥರ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಮುಂದಿನ ಅಮಾವಾಸ್ಯೆಗೆ ಅತ್ತೆ ಬಂದಳು. ಕೋಮಲ ಕಂಬಳಿ ಹೊತ್ತು ಜೊತೆಗೆ ಬಂದಿದ್ದಳು. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲವೆಂದು ಕೆಂಪಲಕ್ಷ್ಮಮ್ಮ ಆಗತಾನೇ ಕರೆದ ಗಟ್ಟಿ ಹಾಲನ್ನು ಕೆಟಲಿನ ಕಂಠಮಟ್ಟ ಸುರಿದು, ಕಾಫಿಪುಡಿ ಬೆಲ್ಲ ಹಾಕಿ, ಗುಂಡಿ ಒತ್ತಿದಳು. ಕೋಮಲ "ಅಕ್ಕಾ" ಎಂದಳು. ಇವಳು ಆ ಕಡೆ ತಿರುಗಲೇ ಇಲ್ಲ.

ಹಾಲು ಸುಮ್ಮನಿತ್ತು, ಸುಮ್ಮನಿತ್ತು, ಆಮೇಲೆ ಒಮ್ಮೆಲೇ ಮುಚ್ಚಳ ತಳ್ಳಿಕೊಂಡು ಉಕ್ಕಿತು. ಬುಡದ ತಟ್ಟೆಗೆಲ್ಲ ಇಳಿದು ಚಟ್ ಎಂದಿತು. ಮನೆಯ ಫ್ಯೂಸ್ ಹೋಯಿತು, ತಳ ಸೀದ ವಾಸನೆ ಬೀದಿಯವರೆಗೂ ಹರಡಿತು. ಹುಚ್ಚಣ್ಣ ಫ್ಯೂಸ್ ಕಟ್ಟಲು ಎದ್ದುಹೋದ.

"ಅದು ನೀರಿಗೆ ಕಣಕ್ಕಾ, ಹಾಲಿಗಲ್ಲ," ಅಂದಳು ಕೋಮಲ ಮೆಲ್ಲಗೆ.

"ನಮ್ಮನೇಲಿ ಕಾಫಿಗೆ ನೀರು ಹಾಕಲ್ಲ."

ಕೋಮಲ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಮೊದಲು ತಟ್ಟೆಯನ್ನು ಒರೆಸಿ ಬಿಸಿಲಿಗಿಟ್ಟಳು. ಅದು ಚೆನ್ನಾಗಿ ಒಣಗಿದ ಮೇಲೆ ಕೆಟಲಿಗೆ ಹುಣಸೆ ಹುಳಿಯ ನೀರು ಹಾಕಿ ಕುದಿಸಿ, ಬುಡದ ಸೀಕಲನ್ನೆಲ್ಲ ಬಿಡಿಸಿಕೊಟ್ಟು ಹೋದಳು. ತನಗಿಂತ ಹದಿನೈದು ವರ್ಷ ಚಿಕ್ಕವಳ ಹತ್ತಿರ ಪಾತ್ರೆ ತೊಳೆಸಿಕೊಂಡೆನಲ್ಲ ಎಂದು ಕೆಂಪಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಮಂಚದ ಹತ್ತಿರ ಹೋಗಿ, ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಅಲ್ಲೇನ್ ಚೆಂದಿತ್ತು ಅತ್ತೆ? ನಾನೇನ್ ಕಮ್ಮಿ ಮಾಡಿದ್ದೆ ನಿಮಗೆ?"

ದ್ಯಾವಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು. "ಕಮ್ಮಿ ಏನಿಲ್ಲ ಕಣೇ. ಕೂಗ್ದಾಗೆಲ್ಲ ಉಣ್ಣೋ ತಟ್ಟೆ ಬಿಟ್ಟು ಓಡ್ಬತ್ತಿದ್ದೆ. ನಂಗೇ ನಾಚ್ಕೆ ಆಗೋದು. ಬಾಯಿ ಒಣಗಿದ್ರೂವೆ, ಪಾಪ ಹಾಲು ಕರೀತಾವ್ಳೆ ಅಂತ ತಡ್ಕೊಂಡು ಬಿದ್ಕೊಂಡಿರ್ತಿದ್ದೆ."

ತಾನು ಓಡಿ ಓಡಿ ಗಳಿಸಿದ್ದ ಹೆಸರೆಲ್ಲ ಅತ್ತೆಯ ಒಣಗಿದ ಬಾಯಿಯ ಮೇಲೆ ನಿಂತಿತ್ತೇ? ಕೆಂಪಲಕ್ಷ್ಮಮ್ಮ ಕೆಟಲಿಗೆ ಅರ್ಧ ನೀರು ತುಂಬಿ ಮಂಚದ ಪಕ್ಕ ಇಟ್ಟಳು, ಕೋಮಲ ಇಟ್ಟಿದ್ದ ಹಾಗೆಯೇ.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಕಿವಿಯನ್ನು ಮನೆಯ ಕಡೆಗೇ ಇಟ್ಟಿದ್ದಳು. "ಕೆಂಪೀ" ಕೇಳಿಸಲಿಲ್ಲ. ಟಕ್ ಎಂಬುದು ಕೇಳಿಸಿತು. ಈಗ ಹೊಟ್ಟೆಕಿಚ್ಚು ಕೋಮಲಳನ್ನು ಬಿಟ್ಟು ಆ ಸ್ಟೀಲಿನ ಮುಂಡೇದರ ಮೇಲೆ ತಿರುಗಿತು. ಎರಡು ಹಸು ಮುಗಿಸಿ ಒಳಗೆ ಬಂದರೆ ಮಂಚದ ತುದಿಯಲ್ಲಿ ಇನ್ನೊಂದು ಲೋಟ ಹೊಗೆಯಾಡುತ್ತಿತ್ತು. ಅತ್ತೆ ಅದನ್ನು ಇವಳ ಕಡೆಗೆ ಸರಿಸಿದಳು. "ಕುಡಿ, ಕೈಯೆಲ್ಲ ತಣ್ಣಗಾಗಿರ್ತೈತೆ," ಅಂದಳು.

ಮೂವತ್ತನಾಲ್ಕು ವರ್ಷದಲ್ಲಿ ಅತ್ತೆಯ ಕೈಯಿಂದ ಅವಳು ಲೋಟ ಇಸಿದುಕೊಂಡಿದ್ದು ಅದೇ ಮೊದಲು. ಬರೀ ಬಿಸಿನೀರು. ಒಂದು ಗುಟುಕು ಕುಡಿದಳು, ಎರಡು ಕುಡಿದಳು. ಆದರೆ ಹಾಳು ಬುದ್ಧಿ ಎಲ್ಲಿ ಬಿಡುತ್ತದೆ?

"ಕೋಮಲಂಗೂ ಹಿಂಗೇ ಕೊಡ್ತಿದ್ರಾ?"

"ದಿನಾ ಕೊಡ್ತಿದ್ದೆ," ಅಂದಳು ದ್ಯಾವಮ್ಮ. "ಅವ್ಳು ಬಾಯ್ಬಿಟ್ಟು ಕೇಳ್ತಿದ್ಲು. ನೀನು ಯಾವತ್ತ್ ಕೇಳಿದೀಯ?"

ಕೆಂಪಲಕ್ಷ್ಮಮ್ಮ ಲೋಟ ಖಾಲಿ ಮಾಡಿದಳು. ಹೊರಗೆ ಮೂರನೆಯ ಹಸು ಕೂಗುತ್ತಿತ್ತು, ಡೈರಿಗೆ ಹೊತ್ತಾಗುತ್ತಿತ್ತು, ಬಾಯಾರಿಕೆಯೂ ಇರಲಿಲ್ಲ. ಆದರೂ ಅವಳು ಮಂಚದ ತುದಿಯಲ್ಲಿ ಕೂತು ಲೋಟವನ್ನು ಮುಂದೆ ಚಾಚಿದಳು.

"ಇನ್ನೊಂದ್ ಚೂರು ಹಾಕಿ ಅತ್ತೆ."